ಜೆಟ್ಟಿಯೋ, ಅಳಿವೆಯೋ, ಬಂಡೆಯೋ, ದೋಣಿಯೋ: ಸಿಡ್ನಿಯಲ್ಲಿ ಶನಿವಾರದ ಗಾಳ ಎಲ್ಲಿ ಹಾಕೋಣ?

ಅಕ್ಟೋಬರ್‌ನ ಮೊದಲ ಭಾನುವಾರ ಸಿಡ್ನಿಯ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಸಂಜೆ ಏಳಾದರೂ ಬೆಳಕು. ಮರುದಿನದಿಂದಲೇ ನನ್ನ ಫೋನಿಗೆ ಒಂದೇ ಥರದ ಮೆಸೇಜು ಶುರು. "ಅಣ್ಣ, ಒಂದು ರಾಡ್ ತಗೊಂಡೆ. ಈ ಶನಿವಾರ ಎಲ್ಲಿಗೆ ಹೋಗ್ಲಿ?" ರಾಡ್ ತಗೊಂಡ ಮೇಲೆ ಜಾಗ ಕೇಳುವುದು ಅಂದರೆ ಪಂಚೆ ಶಲ್ಯ ಹೊಲಿಸಿಟ್ಟು ಆಮೇಲೆ ಹೆಣ್ಣು ಹುಡುಕಿದ ಹಾಗೆ. ಇರಲಿ, ಎಲ್ಲರೂ ಹಾಗೇ ಮಾಡುವುದು. ನಾನೂ ಹಾಗೇ ಮಾಡಿದ್ದು.

ನಾನು ಕುಂದಾಪುರದ ಕಡೆಯವನು. ಗಂಗೊಳ್ಳಿಯ ಅಳಿವೆಯಲ್ಲಿ ಅಜ್ಜ ಬೀಸುಬಲೆ ಹಾಕುವುದನ್ನು ನೋಡುತ್ತ ಬೆಳೆದವನು. ಇಲ್ಲಿಗೆ ಬಂದ ಹೊಸದರಲ್ಲಿ "ನಮಗೆ ಮೀನು ಹಿಡಿಯೋದನ್ನ ಇವರೇನು ಹೇಳಿಕೊಡೋದು" ಅನ್ನುವ ಜಂಬ ಇತ್ತು. ಅದು ಇಳಿಯಲು ಎರಡು ಶನಿವಾರ ಸಾಕಾಯಿತು. ಮೊದಲನೇ ಶನಿವಾರ ಒಂದೂ ಮೀನು ಸಿಗಲಿಲ್ಲ. ಎರಡನೇ ಶನಿವಾರ ಸಿಕ್ಕ ಒಂದೇ ಒಂದನ್ನು ಹೆಜ್ಜಾರ್ಲೆ (ಪೆಲಿಕನ್ ಹಕ್ಕಿ) ತಿಂದಿತು.

ಆಮೇಲಿಂದ ಜೆಟ್ಟಿ, ಅಳಿವೆ, ಬೀಚು, ಬಂಡೆ, ಬಾಡಿಗೆ ದೋಣಿ, ಬೆಟ್ಟದ ಮೇಲಿನ ಕೆರೆ ಎಲ್ಲವನ್ನೂ ನೋಡಿದ್ದೇನೆ. ಯಾವುದು ಯಾರಿಗೆ ಹೊಂದುತ್ತದೆ ಅನ್ನುವುದನ್ನು ಒಂದು ಕಡೆ ಬರೆದಿಟ್ಟರೆ ಪ್ರತಿ ವರ್ಷ ಮೆಸೇಜು ಟೈಪ್ ಮಾಡುವುದು ತಪ್ಪುತ್ತದೆ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ತಿರುಗಿ ಕೇಳುವ ನಾಲ್ಕು ಪ್ರಶ್ನೆ

ಜೊತೆಯಲ್ಲಿ ಯಾರಿದ್ದಾರೆ? ಒಬ್ಬನೇ ಹೋಗುವವನು ಐದು ಗಂಟೆ ನಿಂತೇ ಇರಬಲ್ಲ. ಐದು ವರ್ಷದ ಮಗುವಿನ ತಾಳ್ಮೆ ಇಪ್ಪತ್ತು ನಿಮಿಷ. ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ ನೆರಳು, ಬೆಂಚು, ಹತ್ತಿರದಲ್ಲಿ ಟಾಯ್ಲೆಟ್ ಬೇಕು. ಈ ಒಂದು ಪ್ರಶ್ನೆಗೇ ಅರ್ಧ ಜಾಗಗಳು ಪಟ್ಟಿಯಿಂದ ಬಿದ್ದುಹೋಗುತ್ತವೆ.

ಮೀನು ಮನೆಗೆ ತರಲೇಬೇಕಾ? ಇದಕ್ಕೆ ನಿಜ ಹೇಳಿ. ಸಾರಿಗೆ ಮೀನು ಬೇಕು ಅಂತಿದ್ದರೆ ಅಂಗಡಿಯಿಂದ ತರುವುದೇ ಅಗ್ಗ. ಪೆಟ್ರೋಲು, ಎರೆ, ಕಳೆದುಹೋದ ಗಾಳ, ದಾರಿಯಲ್ಲಿ ಕುಡಿದ ಕಾಫಿ ಎಲ್ಲ ಸೇರಿಸಿದರೆ ನಾನು ಹಿಡಿದ ಮೀನಿನ ಕೆಜಿ ಬೆಲೆ ನನ್ನ ಹೆಂಡತಿಗೆ ಹೇಳುವಂಥದ್ದಲ್ಲ.

ದುಡ್ಡು ಎಷ್ಟು, ದಾರಿ ಎಷ್ಟು? ಕಾರಿಲ್ಲದೆ ಟ್ರೇನಿನಲ್ಲಿ ಹೋಗಿ ಬರುವ ಜಾಗವೂ ಇದೆ, ಎರಡು ರಾತ್ರಿ ತಂಗಬೇಕಾದ ಜಾಗವೂ ಇದೆ.

ನಾಲ್ಕನೆಯದನ್ನು ಸಾಮಾನ್ಯವಾಗಿ ಯಾರೂ ಯೋಚಿಸುವುದಿಲ್ಲ. ಅಲ್ಲಿ ಎಂಥ ಪ್ರಾಣಿಗಳಿರುತ್ತವೆ, ನಿಮ್ಮವರಿಗೆ ಅವು ಹಿಡಿಸುತ್ತವಾ? ಆಸ್ಟ್ರೇಲಿಯಾದಲ್ಲಿ ನೀರಿನ ಹತ್ತಿರ ಹೋದರೆ ಮೀನು ಸಿಗದೇ ಇರಬಹುದು, ಪ್ರಾಣಿ ಮಾತ್ರ ಸಿಕ್ಕೇ ಸಿಗುತ್ತದೆ. ನನ್ನ ಗೆಳೆಯನ ಹೆಂಡತಿ ಮೈಸೂರಿನವರು, ಮೊಟ್ಟೆ ಕೂಡ ಮುಟ್ಟುವುದಿಲ್ಲ. ಆದರೂ ನಮ್ಮ ಜೊತೆ ತಪ್ಪದೆ ಬರುತ್ತಾರೆ, ಕುತ್ತಿಗೆಗೆ ಬೈನಾಕ್ಯುಲರ್ ಹಾಕಿಕೊಂಡು. ಎಷ್ಟೋ ದಿನ ನಮ್ಮಲ್ಲಿ ಖುಷಿಯಾಗಿ ಮನೆಗೆ ಹೋಗುವವರು ಅವರೊಬ್ಬರೇ.

ಹೊರಡುವ ಮುಂಚೆ

ನ್ಯೂ ಸೌತ್ ವೇಲ್ಸ್‌ನಲ್ಲಿ 18 ದಾಟಿದವರು ಗಾಳ ಹಾಕಲು ಶುಲ್ಕ ಕಟ್ಟಬೇಕು. ಉಪ್ಪುನೀರಾದರೂ ಅಷ್ಟೇ, ಸಿಹಿನೀರಾದರೂ ಅಷ್ಟೇ. ನಾನು ಕಟ್ಟುತ್ತ ಬಂದ ಲೆಕ್ಕ 3 ದಿನಕ್ಕೆ 7 ಡಾಲರ್, ತಿಂಗಳಿಗೆ 14, ವರ್ಷಕ್ಕೆ 35. ಫೋನಿನಲ್ಲೇ ಐದು ನಿಮಿಷದ ಕೆಲಸ. ಬೇರೆ ರಾಜ್ಯದಲ್ಲಿ ನಿಯಮವೇ ಬೇರೆ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕಡಲಿಗೆ ಗಾಳ ಹಾಕಲು ಲೈಸೆನ್ಸ್ ಬೇಡ, ಕೆಲವು ಅಣೆಕಟ್ಟುಗಳಿಗೆ ಮಾತ್ರ ಬೇಕು. ವಿಕ್ಟೋರಿಯಾದಲ್ಲಿ ಅವರದೇ ಲೈಸೆನ್ಸ್. ಹಾಗಾಗಿ ಮೆಲ್ಬರ್ನ್‌ನ ಭಾವನ ಮನೆಗೆ ಹೋದಾಗ ಸಿಡ್ನಿಯ ರಸೀದಿ ತೋರಿಸಿದರೆ ನಡೆಯುವುದಿಲ್ಲ.

ಕರಾವಳಿಯವರಿಗೆ ಎರಡು ಮಾತು ವಿಶೇಷವಾಗಿ ಹೇಳಬೇಕು. ಊರಿಂದ ಬೀಸುಬಲೆ ತರಬೇಡಿ. ಈ ರಾಜ್ಯದಲ್ಲಿ ಅದು ನಿಷಿದ್ಧ. ಇನ್ನೊಂದು ಮರುವಾಯಿ. ಇಲ್ಲಿನ ಬೀಚ್‌ನಲ್ಲಿ ಕಾಲಿನಿಂದ ಮರಳು ಕೆದಕಿದರೆ ಪಿಪಿ ಅನ್ನುವ ಚಿಪ್ಪು ಸಿಗುತ್ತದೆ, ಥೇಟ್ ನಮ್ಮ ಮರುವಾಯಿಯ ಹಾಗೆ. ಬಾಯಲ್ಲಿ ನೀರು ಬರುತ್ತದೆ, ನಿಜ. ಆದರೆ ಇಲ್ಲಿ ಅದನ್ನು ಎರೆಗೆ ಮಾತ್ರ ಬಳಸಬಹುದು. ಭರತದ ಗೆರೆಯಿಂದ 50 ಮೀಟರ್ ಆಚೆ ಒಯ್ಯುವಂತಿಲ್ಲ. ಅದರಲ್ಲಿ ವಿಷ ಸೇರಿರುವ ಸಾಧ್ಯತೆ ಇರುವುದರಿಂದ ಈ ನಿಯಮ. ಸುಕ್ಕದ ಆಸೆ ಬಿಟ್ಟುಬಿಡಿ.

ಹಾಗೇ, ಸೂಪರ್‌ಮಾರ್ಕೆಟ್‌ನ ಹಸಿ ಸಿಗಡಿಯನ್ನು ಎರೆ ಮಾಡಬೇಡಿ. ಹೊರದೇಶದ ಸಿಗಡಿಯಲ್ಲಿ ವೈಟ್ ಸ್ಪಾಟ್ ಅನ್ನುವ ವೈರಸ್ ಇರಬಹುದು. ಮನುಷ್ಯರಿಗೆ ಏನೂ ಆಗದು, ಸಿಗಡಿಗಳಿಗೆ ಮಾರಿ. 2016ರ ಕೊನೆಗೆ ಕ್ವೀನ್ಸ್‌ಲ್ಯಾಂಡ್‌ನ ಲೋಗನ್ ನದಿ ಪಕ್ಕದ ಸಿಗಡಿ ಸಾಕಣೆ ಕೊಳಗಳು ಇದರಿಂದಲೇ ಖಾಲಿಯಾದವು. ಎರೆ ಅಂಗಡಿಯ ಸಿಗಡಿಯನ್ನೇ ತಗೊಳ್ಳಿ.

ರಾಡ್ ವಿಚಾರಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಏಳು ಅಡಿಯ ಒಂದು ಸಾಧಾರಣ ರಾಡ್, ರೀಲ್ ಸೇರಿ ಐವತ್ತರಿಂದ ಎಂಬತ್ತು ಡಾಲರ್ ಒಳಗೆ ಸಿಗುವಂಥದ್ದು ಸಾಕು. ಅದರಲ್ಲಿ ಜೆಟ್ಟಿ, ಅಳಿವೆ, ದೋಣಿ, ಕೆರೆ ನಾಲ್ಕೂ ಆಗುತ್ತದೆ.

ಜೆಟ್ಟಿ

ಮೊದಲ ಸಲದವರಿಗೆ, ಕಾರಿಲ್ಲದವರಿಗೆ, ಮಗು ಕರೆದುಕೊಂಡು ಎರಡೇ ಗಂಟೆ ಹೋಗಿ ಬರುವವರಿಗೆ ಇದು ಸರಿ. ಕಾಲ ಕೆಳಗೆ ಗಟ್ಟಿ ಹಲಗೆ, ಪಕ್ಕದಲ್ಲಿ ಪಾರ್ಕು, ಟಾಯ್ಲೆಟ್. ಗಾಳವನ್ನು ದೂರ ಎಸೆಯಲು ಬರದಿದ್ದರೂ ನಡೆಯುತ್ತದೆ, ನೇರ ಕೆಳಗೆ ಬಿಟ್ಟರಾಯಿತು. ಪಕ್ಕದಲ್ಲಿ ನಿಂತ ವಿಯೆಟ್ನಾಂನ ಅಜ್ಜನೋ ಲೆಬನಾನ್‌ನ ಮಾವನೋ ನಿಮ್ಮ ಗಂಟು ನೋಡಲಾಗದೆ ತಾವೇ ಬಂದು ಬಿಚ್ಚಿ ಸರಿಯಾಗಿ ಕಟ್ಟಿಕೊಡುತ್ತಾರೆ.

ಸಿಗುವುದು ಯಾಕಾ (ನೋಡಲು ಸಣ್ಣ ಬಂಗುಡೆಯ ಹಾಗೆ), ಲೆದರ್‌ಜಾಕೆಟ್, ಬ್ರೀಮ್. ರಾತ್ರಿ ದೀಪದ ಬೆಳಕಿಗೆ ಬೊಂಡಾಸ್ (ಸ್ಕ್ವಿಡ್) ಬರುತ್ತದೆ. ಬೊಂಡಾಸಿಗೆ ಎರೆಯೂ ಬೇಡ, ಸಿಗಡಿ ಆಕಾರದ ಪ್ಲಾಸ್ಟಿಕ್ ಜಿಗ್ ಸಾಕು.

ಹಾರ್ಬರ್ ಒಳಗಿನ ಜೆಟ್ಟಿಗಳಲ್ಲಿ ಒಂದು ದೊಡ್ಡ ತೊಡಕಿದೆ. ಹಾರ್ಬರ್ ಬ್ರಿಡ್ಜ್‌ನ ಪಶ್ಚಿಮಕ್ಕೆ, ಅಂದರೆ ಪ್ಯಾರಮ್ಯಾಟಾ ನದಿಯ ಕಡೆ ಹಿಡಿದ ಮೀನನ್ನು ತಿನ್ನಬಾರದು. ಹೋಮ್‌ಬುಷ್ ಬೇ ಸುತ್ತ ಹಿಂದೆ ಇದ್ದ ಕೆಮಿಕಲ್ ಫ್ಯಾಕ್ಟರಿಗಳ ಡೈಆಕ್ಸಿನ್ ವಿಷ ಕೆಸರಿನಲ್ಲಿ ಕೂತಿದೆ, ಅಲ್ಲಿಂದ ಮೀನಿನ ಮೈಗೆ ಸೇರುತ್ತದೆ. 2006ರಲ್ಲಿ ಹಾರ್ಬರ್‌ನಲ್ಲಿ ವ್ಯಾಪಾರದ ಮೀನುಗಾರಿಕೆಯನ್ನೇ ನಿಲ್ಲಿಸಿದರು. ಸೇತುವೆಯ ಪೂರ್ವದ ಮೀನನ್ನೂ ತಿಂಗಳಿಗೆ 150 ಗ್ರಾಂ ಮೀರದಂತೆ ತಿನ್ನಿ ಅನ್ನುವುದು ಸರ್ಕಾರದ ಸಾಮಾನ್ಯ ಸಲಹೆ. ಮೀನಿನ ಜಾತಿಯ ಮೇಲೆ ಅದು ಹೆಚ್ಚು ಕಡಿಮೆ ಆಗುತ್ತದೆ. ನಮ್ಮ ಜನ ಜಾಸ್ತಿ ಇರುವುದು ಪಶ್ಚಿಮದ ಬಡಾವಣೆಗಳಲ್ಲಿ. ಹತ್ತಿರದ ಜೆಟ್ಟಿ ಅಂತ ಹೋಗಿ, ಹಿಡಿದು, ಗಸಿ ಮಾಡಿ ಉಂಡವರನ್ನು ನಾನು ಬಲ್ಲೆ. ಬೋರ್ಡು ಅಲ್ಲೇ ಇರುತ್ತದೆ, ಓದಿ. ಹಿಡಿದು ಬಿಡುವ ಆಟಕ್ಕೆ ಮಾತ್ರ ಆ ಕಡೆ ಹೋಗಿ.

ಮಾಸ್ಮನ್‌ನ ಕ್ಲಿಫ್ಟನ್ ಗಾರ್ಡನ್ಸ್ ಜೆಟ್ಟಿ ನನಗಿಷ್ಟ. ಪಾರ್ಕಿಂಗ್‌ಗೆ ದುಡ್ಡು ಕೊಡಬೇಕು, ವಾರಾಂತ್ಯ ಜನ ತುಂಬಿರುತ್ತಾರೆ. ಆದರೆ ಅಲ್ಲಿ ಈಜುಕೊಳದ ಸುತ್ತ ಕಟ್ಟಿದ ಬಲೆಯಲ್ಲಿ ಕಡಲಕುದುರೆಗಳು ಬಾಲ ಸುತ್ತಿಕೊಂಡು ಕೂತಿರುತ್ತವೆ. ಅಳಿವಿನ ಅಂಚಿನಲ್ಲಿರುವ ಜಾತಿ. ಮಕ್ಕಳಿಗೆ ನೀರುಗನ್ನಡಕ ಕೊಟ್ಟು ಬಿಟ್ಟರೆ ನೀವು ನೆಮ್ಮದಿಯಾಗಿ ಗಾಳ ಹಾಕಬಹುದು (ಒಬ್ಬರು ಪಕ್ಕದಲ್ಲೇ ಇರಬೇಕು, ಬಿಡಿ).

ಜೆಟ್ಟಿಯಲ್ಲಿ ಎಲ್ಲರಿಗೂ ಮೊದಲು ಸಿಗುವುದು ಟೋಡ್‌ಫಿಶ್. ನನ್ನ ಮಗನ ಮೊದಲ ಮೀನೂ ಅದೇ. ಮೇಲೆ ಬಂದ ಕೂಡಲೇ ಪೂರಿಯ ಹಾಗೆ ಉಬ್ಬಿತು. ಅವನಿಗೆ ಕುಣಿಯುವಷ್ಟು ಖುಷಿ, "ಅಪ್ಪಾ, ಇದನ್ನ ಫ್ರೈ ಮಾಡೋಣ". ಅದರ ಮೈಯಲ್ಲಿರುವುದು ಟೆಟ್ರೊಡೊಟಾಕ್ಸಿನ್, ಬೇಯಿಸಿದರೂ ಹೋಗದ ವಿಷ. ಉಬ್ಬುವ ಮೀನನ್ನು ತಿನ್ನಬೇಡಿ, ನಾಯಿಗೂ ಹಾಕಬೇಡಿ. ಗಾಳ ಬಿಡಿಸಿ ನೀರಿಗೆ ಬಿಟ್ಟುಬಿಡಿ.

ಅಳಿವೆ ಮತ್ತು ಹಿನ್ನೀರು

ನನ್ನನ್ನು ಕೇಳಿದರೆ ಇದಕ್ಕೇ ಮೊದಲ ಸ್ಥಾನ. ನಾನು ಅಳಿವೆಯ ಊರಿನವನಾದ್ದರಿಂದ ಸ್ವಲ್ಪ ಪಕ್ಷಪಾತ ಇದ್ದೀತು, ಅಷ್ಟನ್ನು ಕಳೆದು ಓದಿಕೊಳ್ಳಿ.

ಉತ್ತರಕ್ಕೆ ವಾಯ್ ವಾಯ್, ಅದರಾಚೆ ದಿ ಎಂಟ್ರೆನ್ಸ್, ಸಿಡ್ನಿ ಒಳಗೇ ನರಬೀನ್ ಹಿನ್ನೀರು. ಮೊಣಕಾಲುದ್ದ ನೀರು, ಮರಳು, ದೊಡ್ಡ ತೆರೆಯಿಲ್ಲ. ವಾಯ್ ವಾಯ್‌ಗೆ ಸೆಂಟ್ರಲ್‌ನಿಂದ ಟ್ರೇನಿನಲ್ಲಿ ಒಂದೂಕಾಲು ಗಂಟೆಯ ಆಸುಪಾಸು, ನಿಲ್ದಾಣದಿಂದ ನೀರಿಗೆ ನಡೆದೇ ಹೋಗಬಹುದು. ವಾರಾಂತ್ಯದಲ್ಲಿ ಓಪಲ್ ಕಾರ್ಡಿನಿಂದ (ಇಲ್ಲಿನ ಬಸ್ಸು ಟ್ರೇನಿನ ಕಾರ್ಡು) ಒಂದು ದಿನಕ್ಕೆ ಕಡಿತವಾಗುವ ಗರಿಷ್ಠ ದುಡ್ಡೂ ಕಡಿಮೆ. ಕಾರಿಲ್ಲದ ಸ್ಟೂಡೆಂಟ್‌ಗಳಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಇಲ್ಲಿ ಸಿಗುವ ಮೀನಿನಲ್ಲೇ ನಿಜವಾದ ಆಸೆ ಇರುವುದು. ಸ್ಯಾಂಡ್ ವೈಟಿಂಗ್ ಅನ್ನುವುದು ನಮ್ಮ ಕಾಣೆಯ ಖಾಸಾ ನೆಂಟ, ಎರಡೂ ಒಂದೇ ಕುಲ. ರವೆ ಹಚ್ಚಿ ಕಾವಲಿ ಮೇಲೆ ಹಾಕಿದರೆ ಕಣ್ಣು ಮುಚ್ಚಿ ತಿಂದವರು ಮಲ್ಪೆಯಲ್ಲೇ ಇದ್ದೇವೆ ಅಂದುಕೊಳ್ಳಬೇಕು. 27 ಸೆಂಟಿಮೀಟರ್ ಮೇಲಿದ್ದರೆ ಇಟ್ಟುಕೊಳ್ಳಬಹುದು. ಇನ್ನೊಂದು ಫ್ಲ್ಯಾಟ್‌ಹೆಡ್. ಚಪ್ಪಟೆ ತಲೆ, ಮರಳಿನಲ್ಲಿ ಹುದುಗಿ ಕೂರುತ್ತದೆ, ಮುಳ್ಳು ಕಡಿಮೆ, ಮಕ್ಕಳಿಗೆ ಸಲೀಸು. ಅಳಿವೆಯ ಡಸ್ಕಿ ಫ್ಲ್ಯಾಟ್‌ಹೆಡ್ 36ರಿಂದ 70 ಸೆಂಟಿಮೀಟರ್ ಒಳಗಿದ್ದರೆ ಮಾತ್ರ ನಿಮ್ಮದು. 70 ದಾಟಿದ್ದು ಬಹುತೇಕ ಮೊಟ್ಟೆಯಿಡುವ ಹೆಣ್ಣು, ಫೋಟೋ ತೆಗೆದು ಬಿಡಬೇಕು. ಬ್ರೀಮ್ 25 ಸೆಂಟಿಮೀಟರ್. ಅಳತೆಪಟ್ಟಿ ಚೀಲದಲ್ಲಿರಲಿ. ಫಿಶರೀಸ್‌ನವರು ಬಂದು ಬಕೆಟ್ ನೋಡುವುದು ನಿಜ. ನನ್ನದನ್ನು ಎರಡು ಸಲ ನೋಡಿದ್ದಾರೆ, ಎರಡು ಸಲವೂ ಅದು ಖಾಲಿ ಇದ್ದದ್ದು ಬೇರೆ ಮಾತು.

ಇಳಿತದ ಹೊತ್ತಿಗೆ ಹೋಗಿ, ಮರಳಿನಲ್ಲಿ ಪಂಪ್ ಒತ್ತಿ ನಿಪ್ಪರ್ ತೆಗೆಯಿರಿ. ಬೆಳ್ಳಗಿನ ಪುಟ್ಟ ಸಿಗಡಿಯಂಥ ಹುಳ, ವೈಟಿಂಗ್‌ಗೆ ಅದೆಂದರೆ ಪ್ರಾಣ. ಭರತ ಏರಲು ಶುರುವಾದಾಗ ಗಾಳ ಹಾಕಿ. ನೀರು ಏರುವ ಆ ಎರಡು ಗಂಟೆ ಬಿಟ್ಟು ಉಳಿದ ಹೊತ್ತು ನಿಂತರೂ ಅಷ್ಟೇ, ಮಲಗಿದರೂ ಅಷ್ಟೇ.

ಈಗ ಪ್ರಾಣಿಗಳು. ಇಳಿತದ ಮರಳಿನ ಮೇಲೆ ಸೋಲ್ಜರ್ ಏಡಿಗಳು ಸಾವಿರಗಟ್ಟಲೆ ಹೊರಡುತ್ತವೆ. ಗೋಲಿಯಷ್ಟು ದಪ್ಪ, ತಿಳಿನೀಲಿ ಬೆನ್ನು. ಏಡಿಯಾದರೂ ಅಡ್ಡಡ್ಡ ಹೋಗದೆ ನೇರ ಮುಂದಕ್ಕೆ ನಡೆಯುತ್ತವೆ! ನಾವು ಹತ್ತಿರ ಹೋದರೆ ಇಡೀ ಪಡೆ ತಿರುಗಣಿಯಂತೆ ತಿರುಗಿ ಮರಳೊಳಗೆ ಮಾಯ. ನನ್ನ ಮಗಳು ಒಂದು ಮಧ್ಯಾಹ್ನ ಪೂರ್ತಿ ಇದರಲ್ಲೇ ಕಳೆದಳು.

ನೀರಿಗಿಳಿದಾಗ ಕಾಲೆತ್ತಿ ಹೆಜ್ಜೆ ಹಾಕಬೇಡಿ, ಕಾಲೆಳೆದುಕೊಂಡು ನಡೆಯಿರಿ. ತೊರಕೆ ಮೀನು ಮರಳಲ್ಲಿ ಮಲಗಿರುತ್ತದೆ. ಸದ್ದಾದರೆ ತಾನೇ ಜಾಗ ಬಿಡುತ್ತದೆ, ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ. ಫ್ಲ್ಯಾಟ್‌ಹೆಡ್‌ನ ಕೆನ್ನೆಯ ಮುಳ್ಳೂ ಕೈ ಸೀಳುತ್ತದೆ, ಬಟ್ಟೆ ಹಿಡಿದು ಗಾಳ ಬಿಡಿಸಿ. ವಿಷಮುಳ್ಳು ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ ಅದ್ದಿಟ್ಟರೆ ನೋವು ಇಳಿಯುತ್ತದೆ. ಗಾಯ ಆಳವಾಗಿದ್ದರೆ, ಅಥವಾ ಚುಚ್ಚಿದ್ದು ಎದೆಗೋ ಹೊಟ್ಟೆಗೋ ಆಗಿದ್ದರೆ ಮುಳ್ಳು ಕೀಳಲು ಹೋಗದೆ ಇಲ್ಲಿನ ತುರ್ತು ನಂಬರ್ 000ಕ್ಕೆ ಫೋನ್ ಮಾಡಿ.

ಹೆಜ್ಜಾರ್ಲೆಯದು ದೊಡ್ಡ ಕಥೆ. ಕೊಕ್ಕರೆ ಬೆಳ್ಳೂರಿನಲ್ಲಿ ನೋಡಿದ್ದಕ್ಕಿಂತ ಇದು ದೊಡ್ಡ ಜಾತಿ, ಕಪ್ಪು ಬಿಳಿ ಮೈ, ಕೊಕ್ಕು ಅರ್ಧ ಮೀಟರ್ ಹತ್ತಿರ. ಮೀನು ಕೊಯ್ಯುವ ಕಟ್ಟೆಯ ಪಕ್ಕ ಮದುವೆ ಮನೆಯ ಪಂಕ್ತಿಗೆ ಕಾದವರಂತೆ ಸಾಲಾಗಿ ನಿಂತಿರುತ್ತವೆ. ಆವತ್ತು ನನ್ನ ಬ್ರೀಮ್ ಇನ್ನೂ ದಾರದಲ್ಲಿರುವಾಗಲೇ ಒಂದು ಬಂದು ಬಾಯಿಗೆ ಹಾಕಿಕೊಂಡಿತು. ನಾನು ಗಾಬರಿಯಲ್ಲಿ ದಾರ ಕತ್ತರಿಸಿಬಿಟ್ಟೆ. ಅದು ತಪ್ಪು. ಗಾಳ, ದಾರ ಸಮೇತ ಹಾರಿಹೋದ ಹಕ್ಕಿ ಎಲ್ಲೋ ಮರಕ್ಕೆ ಸಿಕ್ಕಿಕೊಂಡು ಸಾಯುತ್ತದೆ. ಕತ್ತರಿಸದೆ ಮೆಲ್ಲಗೆ ಎಳೆದು, ತಲೆ ಮೇಲೆ ಟವೆಲ್ ಹಾಕಿ ಹಿಡಿದು, ವೈರ್ಸ್ ಥರದ ವನ್ಯಜೀವಿ ರಕ್ಷಣೆಯವರಿಗೆ ಫೋನ್ ಮಾಡಬೇಕು. ಪಕ್ಕದಲ್ಲಿದ್ದ ಒಬ್ಬ ಅಜ್ಜಿ ಇದನ್ನೆಲ್ಲ ನನಗೆ ಹೇಳಿದ ದನಿ ಇನ್ನೂ ಕಿವಿಯಲ್ಲಿದೆ.

ಬ್ರೆಡ್ಡು, ಚಿಪ್ಸು, ಉಳಿದ ಪುಳಿಯೋಗರೆ ಹಕ್ಕಿಗಳಿಗೆ ಹಾಕಬೇಡಿ. ನಮ್ಮಲ್ಲಿ ಅದು ಪುಣ್ಯ, ಇಲ್ಲಿ ಅವುಗಳ ಹೊಟ್ಟೆ ಕೆಡುತ್ತದೆ, ಮೇಲಾಗಿ ಮನುಷ್ಯರ ಕೈ ಕಾಯುವ ಚಾಳಿ ಬೀಳುತ್ತದೆ. ಆ ಚಾಳಿ ಎಂಥದ್ದು ಅನ್ನುವುದನ್ನು ಕುಕಬರಾ ತೋರಿಸುತ್ತದೆ. ಬಾರ್ಬೆಕ್ಯೂ ಪಕ್ಕ ಮರದ ಮೇಲೆ ಸಾಧುವಿನ ಹಾಗೆ ಕೂತಿರುತ್ತದೆ, ನೀವು ಕಬಾಬ್ ಬಾಯಿಗೆ ಒಯ್ಯುವಷ್ಟರಲ್ಲಿ ಕಬಾಬ್ ಇರುವುದಿಲ್ಲ.

ಬೀಚ್

ಜಾಗಕ್ಕೆ ಬರವಿಲ್ಲ, ನೋಟಕ್ಕೆ ಸಾಟಿಯಿಲ್ಲ. ಆದರೆ ಹನ್ನೆರಡು ಅಡಿಯ ಬೇರೆ ರಾಡ್ ಬೇಕು, ತೆರೆಯಾಚೆ ಎಸೆಯಲು ರಟ್ಟೆ ಬೇಕು. ಟೇಲರ್, ಆಸ್ಟ್ರೇಲಿಯನ್ ಸಾಲ್ಮನ್ ಸಿಗುತ್ತವೆ. ಈ ಸಾಲ್ಮನ್ ಹೆಸರಿಗಷ್ಟೇ ಸಾಲ್ಮನ್. ಎಳೆದಾಟ ಜೋರು, ರುಚಿ ಸುಮಾರು, ಹುಳಿ ಖಾರ ಮುಂದು ಮಾಡಿ ಸಾರು ಮಾಡಿದರೆ ಆದೀತು. ಈಶಾನ್ಯ ಗಾಳಿ ಬೀಸಿದ ದಿನ ಬ್ಲೂಬಾಟಲ್‌ಗಳು ದಡಕ್ಕೆ ಬಂದು ಬೀಳುತ್ತವೆ. ನೀಲಿ ಬಲೂನಿನ ಹಾಗಿದೆ ಅಂತ ಮಕ್ಕಳು ಮುಟ್ಟುತ್ತಾರೆ. ತಾಗಿದರೆ ಕಡಲ ನೀರಿನಲ್ಲಿ ತೊಳೆದು, ಎಳೆ ತೆಗೆದು, ಇಪ್ಪತ್ತು ನಿಮಿಷ ಬಿಸಿ ನೀರು. ವಿನಿಗರ್ ಬೇಡ. ಕೆಂಪು ಹಳದಿ ಬಾವುಟಗಳ ನಡುವೆ ಜನ ಈಜುತ್ತಾರೆ, ಗಾಳ ಅಲ್ಲಿಂದ ದೂರ. ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ ಇದನ್ನು.

ಬಂಡೆ

ಬೇಡ.

ಇದನ್ನು ಹೀಗೆ ಮುಗಿಸಿದರೆ ಹುಡುಗರು ಕೇಳುವುದಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಳ್ಳೆಯ ಮೀನು ಇರುವುದು ಬಂಡೆಯಲ್ಲೇ, ಸುಳ್ಳಲ್ಲ. ಕಿಂಗ್‌ಫಿಶ್ ಕೂಡ ಬರುತ್ತದೆ. (ಇದು ನಮ್ಮ ಅಂಜಲ್ ಅಲ್ಲ. ನಾವು ಅಂಜಲ್‌ಗೆ ಇಂಗ್ಲಿಷಿನಲ್ಲಿ ಹೇಳುವ ಹೆಸರೇ ಇಲ್ಲಿ ಬೇರೆ ಮೀನಿಗಿದೆ, ಅಂಗಡಿಯಲ್ಲೂ ಮೋಸ ಹೋಗಬೇಡಿ.) ಆದರೆ ಅರ್ಧ ಗಂಟೆ ಸುಮ್ಮನಿದ್ದ ಕಡಲು ಒಂದು ತೆರೆಯಲ್ಲಿ ಇಡೀ ಬಂಡೆಯನ್ನು ತೊಳೆದುಕೊಂಡು ಹೋಗುತ್ತದೆ. ಹಾಗೆ ಹೋದವರಲ್ಲಿ ಹೊರದೇಶದಿಂದ ಬಂದು ನೆಲೆಸಿದವರು ಬಹಳ. ಇದಕ್ಕಾಗಿಯೇ 2016ರಲ್ಲಿ ಒಂದು ಕಾಯ್ದೆ ಮಾಡಿ, ಗೊತ್ತುಪಡಿಸಿದ ಜಾಗಗಳಲ್ಲಿ ಬಂಡೆ ಮೇಲೆ ಗಾಳ ಹಾಕಲು ಲೈಫ್ ಜಾಕೆಟ್ ಕಡ್ಡಾಯ ಮಾಡಿದರು. ಮೊದಲು ರ‍್ಯಾಂಡ್ವಿಕ್, ಆಮೇಲೆ ಬೇರೆ ಕೌನ್ಸಿಲ್‌ಗಳು. ಅನೇಕ ಬಂಡೆಗಳ ಮೇಲೆ ಕಂಬಕ್ಕೆ ತೂಗಿಹಾಕಿದ ಏಂಜಲ್ ರಿಂಗ್ ಕಾಣುತ್ತದೆ, ಬಿದ್ದವರಿಗೆ ಎಸೆಯುವ ಟ್ಯೂಬ್. ಅದನ್ನು ಕಂಡರೆ ಅಲ್ಲಿ ಯಾಕೆ ಇಟ್ಟಿದ್ದಾರೆ ಅಂತ ಒಂದು ಕ್ಷಣ ಯೋಚಿಸಿ.

ಹೋಗಲೇಬೇಕು ಅನಿಸಿದರೆ ಆ ಬಂಡೆಯನ್ನು ವರ್ಷಗಟ್ಟಲೆ ಬಲ್ಲವರ ಜೊತೆ ಹೋಗಿ, ಜಾಕೆಟ್ ಹಾಕಿ, ಮೊಳೆಯಿರುವ ಶೂ ಹಾಕಿ, ಮೊದಲ ಅರ್ಧ ಗಂಟೆ ದೂರದಲ್ಲಿ ಕೂತು ನೀರು ನೋಡಿ. ಮಕ್ಕಳನ್ನು ಕರೆದೊಯ್ಯಬೇಡಿ. ಅಲ್ಲಿ ಸಿಗುವ ದೊಡ್ಡ ನೀಲಿ ಮೀನು ಬ್ಲೂ ಗ್ರೋಪರ್ ಈ ರಾಜ್ಯದ ಮೀನು. ಮನುಷ್ಯರ ಜೊತೆ ನಾಯಿಮರಿಯಂತೆ ಈಜುತ್ತದೆ. ಅದನ್ನು ಹಿಡಿಯುವಂತಿಲ್ಲ.

ಬಾಡಿಗೆ ದೋಣಿ

ಮೀನು ಮನೆಗೆ ಬರಲೇಬೇಕು, ನಾಲ್ಕು ಜನ ಗೆಳೆಯರಿದ್ದೀರಿ ಅಂದರೆ ಇದು ಲೆಕ್ಕಕ್ಕೆ ಸರಿ. ಹಾಕ್ಸ್‌ಬರಿ ನದಿಯ ಬ್ರೂಕ್ಲಿನ್, ಪಿಟ್‌ವಾಟರ್ ಕಡೆ ಟಿನ್ನಿ ಬಾಡಿಗೆಗೆ ಸಿಗುತ್ತದೆ. ಟಿನ್ನಿ ಅಂದರೆ ಸಣ್ಣ ಮೋಟಾರಿನ ಅಲ್ಯೂಮಿನಿಯಂ ದೋಣಿ. 10 ನಾಟ್ (ಗಂಟೆಗೆ ಸುಮಾರು ಹದಿನೆಂಟೂವರೆ ಕಿಲೋಮೀಟರ್) ಒಳಗೆ ಓಡಿಸಿದರೆ ಲೈಸೆನ್ಸ್ ಬೇಡ. ಅರ್ಧ ದಿನಕ್ಕೆ ನೂರು ಡಾಲರ್ ಮೇಲೆಯೇ, ನಾಲ್ವರು ಹಂಚಿಕೊಂಡರೆ ಒಂದು ಸಿನಿಮಾ ಮತ್ತು ಪಾಪ್‌ಕಾರ್ನ್‌ನಷ್ಟು. 4.8 ಮೀಟರ್‌ಗಿಂತ ಸಣ್ಣ ದೋಣಿಯಲ್ಲಿ 12ರ ಒಳಗಿನ ಮಕ್ಕಳು ಪೂರ್ತಿ ಹೊತ್ತು ಲೈಫ್ ಜಾಕೆಟ್ ಹಾಕಿರಬೇಕು. ನಮ್ಮಂಥ ಈಜು ಬಾರದ ದೊಡ್ಡವರೂ ಹಾಕಿಕೊಂಡರೆ ಯಾರೂ ನಗುವುದಿಲ್ಲ.

ಹೊರಡುವ ಮುಂಚೆ ಪೆಟ್ರೋಲ್ ಟ್ಯಾಂಕನ್ನು ಕಣ್ಣಾರೆ ನೋಡಿ. ಒಮ್ಮೆ ನಾವು ಬಾಡಿಗೆ ಪಡೆದ ಕಡೆ "ಫುಲ್ ಇದೆ" ಅಂದರು, ನಂಬಿದೆವು. ಇಳಿತಕ್ಕೆ ಎದುರಾಗಿ ಎರಡು ಕಿಲೋಮೀಟರ್ ಹುಟ್ಟು ಹಾಕಿದ್ದು ನಮ್ಮ ಗುಂಪಿನಲ್ಲಿ ಈಗಲೂ ಮಾತಿಗೆ ಬರುತ್ತದೆ.

ನೀರಿನ ನಡುವೆ ಟಾಯ್ಲೆಟ್ ಇಲ್ಲ, ನೆರಳಿಲ್ಲ, ಬೇಸರವಾದರೆ ಇಳಿದು ಹೋಗುವಂತಿಲ್ಲ. ಐದು ವರ್ಷದ ಮಗು, ಎಪ್ಪತ್ತರ ಅಮ್ಮ ಇದ್ದರೆ ಆಲೋಚಿಸಿ. ಆದರೆ ಪ್ರಾಣಿಗಳ ಮಟ್ಟಿಗೆ ಇದು ಭಾಗ್ಯ. ಹಾಕ್ಸ್‌ಬರಿಯ ಕಾಡಿನಂಚಿನಿಂದ ಬಿಳಿಹೊಟ್ಟೆಯ ಕಡಲ ಹದ್ದು ಇಳಿದು ಮೀನು ಎತ್ತಿಕೊಂಡು ಹೋಗುತ್ತದೆ. ಮುರ್ಡೇಶ್ವರದಾಚೆ ನೇತ್ರಾಣಿ ದ್ವೀಪದಲ್ಲಿ ಗೂಡು ಕಟ್ಟುವುದೂ ಇದೇ ಜಾತಿ. ಮೈಸೂರಿನ ಆ ಅಕ್ಕನಿಗೆ ಇದನ್ನು ಹೇಳಿದ ದಿನ ಅವರು ಗಾಳ ಹಾಕಿದವರಿಗಿಂತ ಹೆಮ್ಮೆಯಿಂದ ಮನೆಗೆ ಹೋದರು. ಡಾಲ್ಫಿನ್ ಕಂಡರೆ ದೋಣಿ 50 ಮೀಟರ್ ದೂರ ಇರಲಿ, ತಿಮಿಂಗಿಲವಾದರೆ 100. ಬಂಡೆ ಮೇಲೆ ಮಲಗಿದ ಸೀಲ್ ಕಂಡರೆ 40 ಮೀಟರ್. ಅದು ಸತ್ತಿಲ್ಲ, ಸುಮ್ನೆ ನಿದ್ದೆ.

ಸ್ಕಿಪ್ಪರ್ ಸಮೇತ ಆಳಕಡಲಿಗೆ ಹೋಗುವ ಚಾರ್ಟರ್ ಕೂಡ ಇದೆ. ತಲೆಗೆ ನೂರೈವತ್ತು, ಇನ್ನೂರು ಡಾಲರ್ ಲೆಕ್ಕ. ರಾಡ್, ಎರೆ ಅವರದೇ, ಹಲವು ಕಡೆ ಸರ್ಕಾರದ ಶುಲ್ಕವೂ ಅದರಲ್ಲೇ ಸೇರಿರುತ್ತದೆ, ಕೇಳಿಕೊಳ್ಳಿ. ಹುಟ್ಟುಹಬ್ಬಕ್ಕೆ ಗಂಡನಿಗೆ ಕೊಡಲು ಚೆನ್ನ. ಹಿಂದಿನ ರಾತ್ರಿಯೇ ವಾಂತಿ ಮಾತ್ರೆ ತಗೊಳ್ಳಿ, ಬೆಳಿಗ್ಗೆ ಮಸಾಲೆದೋಸೆ ತಿಂದು ಹತ್ತಬೇಡಿ.

ಬೆಟ್ಟದ ಕೆರೆ

ಸ್ನೋಯಿ ಮೌಂಟನ್ಸ್‌ನ ಜಿಂಡಬೈನ್ ಮತ್ತು ಯುಕಂಬೀನ್. ಸಿಡ್ನಿಯಿಂದ ಸುಮಾರು 450 ಕಿಲೋಮೀಟರ್, ಐದಾರು ಗಂಟೆ. ಎರಡೂ ಜಲವಿದ್ಯುತ್ ಯೋಜನೆಗೆ ಕಟ್ಟಿದ ಜಲಾಶಯಗಳು. ಹಳೆಯ ಜಿಂಡಬೈನ್, ಹಳೆಯ ಅಡಾಮಿನಬಿ ಊರುಗಳು ನೀರಿನಡಿ ಇವೆ. ಬರಗಾಲದಲ್ಲಿ ನೀರು ಇಳಿದರೆ ಅಡಾಮಿನಬಿಯ ಅವಶೇಷಗಳು ಮೇಲೆ ಕಾಣುತ್ತವೆ. ಶರಾವತಿ ಹಿನ್ನೀರಿನ ಕಡೆಯವರು ಅಲ್ಲಿ ನಿಂತರೆ ಸ್ವಲ್ಪ ಹೊತ್ತು ಮಾತು ಬರುವುದಿಲ್ಲ, ನಾನು ನೋಡಿದ್ದೇನೆ.

ಮೀನು ಟ್ರೌಟ್. ಕೆರೆಗಳಲ್ಲಿ ವರ್ಷವಿಡೀ ಹಿಡಿಯಬಹುದು, ಹೊಳೆಗಳು ಮಾತ್ರ ಜೂನ್‌ನ ಲಾಂಗ್ ವೀಕೆಂಡ್‌ನಿಂದ ಅಕ್ಟೋಬರ್‌ನ ಲಾಂಗ್ ವೀಕೆಂಡ್‌ವರೆಗೆ ಮುಚ್ಚಿರುತ್ತವೆ. ನಸುಕಿನಲ್ಲಿ ದಡದಿಂದಲೇ ಎರೆಹುಳ ಹಾಕಿದರೂ ಸಿಗುತ್ತದೆ, ಸಿಗದೆಯೂ ಇರುತ್ತದೆ. ಎರಡು ರಾತ್ರಿ ರೂಮು, ಪೆಟ್ರೋಲು ಸೇರಿ ಒಂದು ಸಂಸಾರಕ್ಕೆ ಐನೂರು ಡಾಲರ್ ದಾಟುವುದು ಸಹಜ. ಮೀನಿಗಾಗಿ ಇಷ್ಟು ದೂರ ಹೋಗಬೇಡಿ. ಕಾಂಗರೂಗಾಗಿ ಹೋಗಿ, ವೊಂಬ್ಯಾಟ್‌ಗಾಗಿ ಹೋಗಿ. ಊರಿಂದ ಬಂದವರಿಗೆ ಝೂ ತೋರಿಸುವ ದುಡ್ಡಿನಲ್ಲಿ ಇದನ್ನು ತೋರಿಸಿ. ಸಂಜೆ ಹೊಳೆಯ ತಿರುವಿನಲ್ಲಿ ಸದ್ದಿಲ್ಲದೆ ಕೂತರೆ ಪ್ಲಾಟಿಪಸ್ ಕೂಡ ತಲೆ ತೋರಿಸುತ್ತದೆ. ಅದರ ಸಲುವಾಗಿಯೇ ಆಪೆರಾ ಹೌಸ್ ಬಲೆ ಅನ್ನುವ ಮುಚ್ಚಿದ ಏಡಿಬುಟ್ಟಿಯಂಥ ಬಲೆಯನ್ನು 2021ರಲ್ಲಿ ಈ ರಾಜ್ಯದಲ್ಲಿ ನಿಷೇಧಿಸಿದರು, ಒಳಗೆ ಹೊಕ್ಕ ಪ್ಲಾಟಿಪಸ್ ಉಸಿರುಗಟ್ಟಿ ಸಾಯುತ್ತಿತ್ತು. ಯಾರೋ ಹಳೆಯದನ್ನು ಪುಕ್ಕಟೆ ಕೊಟ್ಟರೂ ಬಳಸಬೇಡಿ.

ತೊಡಕು ರಸ್ತೆಯದು. ಮುಸ್ಸಂಜೆ ಮತ್ತು ನಸುಕಿನಲ್ಲಿ ಕಾಂಗರೂಗಳು ರಸ್ತೆಗೆ ಬರುತ್ತವೆ. ಒಂದು ದಾಟಿದರೆ ಹಿಂದೆ ಇನ್ನೊಂದು ಇದೆ ಅಂತಲೇ ತಿಳಿಯಿರಿ. ಕತ್ತಲಾಗುವ ಮುಂಚೆ ರೂಮು ಸೇರುವ ಹಾಗೆ ಹೊರಡಿ. ಬೇಸಿಗೆಯಲ್ಲಿ ದಡದ ಹುಲ್ಲಿನಲ್ಲಿ ಹಾವಿರುತ್ತದೆ, ಶೂ ಹಾಕಿ, ಚೀಲದಲ್ಲಿ ಅಗಲದ ಬ್ಯಾಂಡೇಜ್ ಎರಡು ಇರಲಿ. ಕಚ್ಚಿದರೆ ತೊಳೆಯಬೇಡಿ, ಕೊಯ್ಯಬೇಡಿ. ಇಡೀ ಕಾಲಿಗೆ ಬಿಗಿಯಾಗಿ ಸುತ್ತಿ, ಅಲುಗಾಡದೆ ಮಲಗಿಸಿ 000ಕ್ಕೆ ಕರೆ.

ಯಾರು ಎಲ್ಲಿಗೆ

ಸಣ್ಣ ಮಕ್ಕಳು, ಎರಡು ಗಂಟೆ ಪುರುಸೊತ್ತು, ಮೀನು ಸಿಗದಿದ್ದರೂ ಪರವಾಗಿಲ್ಲ ಅನ್ನುವವರು ಜೆಟ್ಟಿಗೆ. ಇಡೀ ದಿನ ಇದೆ, ತಿನ್ನುವ ಆಸೆಯೂ ಇದೆ, ಜೇಬು ಹಗುರ ಅನ್ನುವವರು ಅಳಿವೆಗೆ. ಗೆಳೆಯರ ಗುಂಪು ದೋಣಿಗೆ. ಅಪ್ಪ ಅಮ್ಮ ಬಂದಿದ್ದಾರೆ, ಹಿಂದೆಮುಂದೆ ನೋಡದೆ ಖರ್ಚು ಮಾಡಬಲ್ಲಿರಿ, ಮೂರು ದಿನ ರಜೆ ಇದೆ ಅಂದರೆ ಜಿಂಡಬೈನ್. ಜೆಟ್ಟಿಗೂ ಅಳಿವೆಗೂ ನಡುವೆ ತೂಗಾಡುತ್ತಿದ್ದರೆ ಭರತದ ವೇಳೆ ನೋಡಿ: ಮಧ್ಯಾಹ್ನ ನೀರು ಏರುವ ದಿನ ಅಳಿವೆ, ಇಲ್ಲದಿದ್ದರೆ ಜೆಟ್ಟಿ. ಆಗಸ್ಟ್‌ನಿಂದ ಅಕ್ಟೋಬರ್ ನಡುವೆ ಎಲ್ಲಿಗೆ ಹೋದರೂ ಟೊಪ್ಪಿ ಬೇಕು. ಮ್ಯಾಗ್‌ಪೈ ಹಕ್ಕಿ ಗೂಡು ಕಾಯುವ ಕಾಲ ಅದು, ಹಿಂದಿನಿಂದ ಬಂದು ತಲೆಗೆ ಕುಕ್ಕುತ್ತದೆ.

ಈ ವರ್ಷ ಮೊದಲು ಮೆಸೇಜು ಮಾಡಿದ ಹುಡುಗ ದಾವಣಗೆರೆಯವನು, ಕಡಲನ್ನೇ ದೊಡ್ಡವನಾದ ಮೇಲೆ ನೋಡಿದವನು. ಕಾರಿಲ್ಲ, ಜೊತೆಗೆ ಇಬ್ಬರು ರೂಮ್‌ಮೇಟ್‌ಗಳು. ವಾಯ್ ವಾಯ್‌ಗೆ ಕಳಿಸಿದೆ. ಸಂಜೆ ಫೋಟೋ ಬಂತು, ಅಳತೆಪಟ್ಟಿಯ ಮೇಲೆ ಒಂದು ವೈಟಿಂಗ್, 28 ಸೆಂಟಿಮೀಟರ್. ಕೆಳಗೆ ಬರೆದಿದ್ದ: "ಅಣ್ಣ, ಎರಡು ಸಿಕ್ಕಿದ್ವು. ಇನ್ನೊಂದು ಎಲ್ಲಿಗೆ ಹೋಯ್ತು ಅಂತ ನಿಮಗೆ ಹೇಳಬೇಕಾಗಿಲ್ಲ. ದಾರ ಕತ್ತರಿಸ್ಲಿಲ್ಲ ಮಾತ್ರ."